ಹಲಗೆಗೆ ಹಚ್ಚಿದ ವಿಭೂತಿ

“ನಮ್ಮ ಮಂದ್ಯಾಗ ಹೋದವರನ್ನ ಸುಡೂದಿಲ್ಲವ್ವ. ಎಡಗೈಯಾಗ ಲಿಂಗ ಕೊಟ್ಟು, ಕುಂದ್ರಿಸಿ, ಮಣ್ಣು ಕೊಡತೇವಿ. ನಮ್ಮನಿಯವರನ್ನ ಇಲ್ಲಿ ಕುಂದ್ರಸಾಕ ಬಿಡಲಿಲ್ಲ, ಪೆಟ್ಟಿಗ್ಯಾಗ ಮಲಗಿಸಿದ್ವಿ. ಲಿಂಗ ಮಾತ್ರ ಕೈಯಾಗಿಟ್ಟು ನಾನ ಬೆರಳು ಮಡಚಿದೆ. ಇಪ್ಪತ್ತು ವರ್ಷ ಆತು. ಹೋದ ವರ್ಷ ಗೋರಿ ಮುಂದ ಒಂದು ಹಳದಿ ಹಲಗಿ ನೆಟ್ಟಿದ್ರು. ಡಚ್ಚಿನ್ಯಾಗ ಏನೋ ಬರದಿತ್ತು. ಹೆಸರಿನ ಹಲಗಿ ಹೊಸಾದು ಮಾಡ್ಯಾರ ಅಂದ್ಕೊಂಡೆ. ವಾರಾ ಹೋಗಿ ಒರಸಿ, ವಿಭೂತಿ ಹಚ್ಚಿ ಬರತಿದ್ದೆ. ಜಾಗದ ಮುದ್ದತು ಮುಗದದ, ಬಂದು ಮಾತಾಡ್ರಿ ಅಂತ ಬರದಿತ್ತಂತ. ಸತ್ತವರಿಗೂ ಮುದ್ದತು ಇರತದ ಅಂತ ಯಾರಿಗೆ ಗೊತ್ತು?”

ಇದನ್ನು ಹೇಳುವಾಗ ನೀಲಾಂಬಿಕಾಳ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನೆರೆಮನೆಯವರ ಸುದ್ದಿ ಹೇಳಿದ ಹಾಗೆ ಹೇಳುತ್ತಾಳೆ.

ಗಂಡ ಈಶ್ವರಪ್ಪ ಧಾರವಾಡದ ಕಡೆಯವನು. ರಾಟರ್‌ಡ್ಯಾಮ್ ಬಂದರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಂದು, ಮೂರನೆಯ ವರ್ಷವೇ ತೀರಿಕೊಂಡ. ಮಗಳು ಹರ್ಷಿತಾಗೆ ಆಗ ಐದು ವರ್ಷ. ನೀಲಾಂಬಿಕಾ ಹೂವಿನ ಗೋದಾಮಿಗೆ ಸೇರಿದಳು. ಹತ್ತು ಹತ್ತು ಟ್ಯುಲಿಪ್ ಎಣಿಸಿ ಕಟ್ಟು ಹಾಕುವುದು. ಕಲಿತ ಡಚ್ಚೂ ಅಷ್ಟೇ, ಹೂವಿನ ಹೆಸರು ಮತ್ತು ಎಣಿಕೆ.

ಹಲಗೆಯನ್ನು ಓದಿದ್ದು ಹರ್ಷಿತಾ, ಹೋದ ತಿಂಗಳು. ಆಮ್ಸ್ಟರ್‌ಡ್ಯಾಮ್‌ನ ಬ್ಯಾಂಕಿನಲ್ಲಿರುವ ಅವಳು ಬಹಳ ದಿನದ ಮೇಲೆ ಅಪ್ಪನ ಗೋರಿಗೆ ಬಂದಿದ್ದಳು. ಮುದ್ದತು ಮುಂದುವರಿಸಬೇಕು, ಇಲ್ಲವೇ ಅಗೆದು ಜಾಗ ತೆರವು ಮಾಡುತ್ತಾರೆ. ಮಣ್ಣು ಮಣ್ಣಾಗೇದ, ಬಿಡು ಎಂದಿದ್ದಳು ತಾಯಿ. ಹಾಗೆಂದು ತೆರವಿಗೆ ಸಹಿ ಮಾಡಲು ಇಬ್ಬರೂ ಗೋರಿಯಿರುವ ರೈನ್ ದಂಡೆಯ ಸಣ್ಣ ಊರಿಗೆ ಬಂದರೆ, ಸ್ಮಶಾನದ ಕಚೇರಿ ತೆರೆಯುವುದು ಎರಡು ಗಂಟೆಗೆ. ಮಳೆ ಬೇರೆ. ಎದುರಿಗೆ ಮ್ಯೂಸಿಯಂ ಇತ್ತು, ಒಳಗೆ ಹೋದರು.

ನೆಲವೆಲ್ಲ ಗಾಜು. ಕೆಳಗೆ ರೋಮನ್ ಸೈನಿಕರ ಸ್ನಾನದ ಮನೆಯ ಗೋಡೆಗಳು. ಜನ ಬೂಟುಗಾಲಲ್ಲೇ ಅದರ ಮೇಲೆ ಓಡಾಡುತ್ತಿದ್ದರು. ನೀಲಾಂಬಿಕಾ ಅಂಚು ಹಿಡಿದು ನಡೆದಳು. ಮೂಲೆಯ ಪೆಟ್ಟಿಗೆಯಲ್ಲಿ ಒಬ್ಬ ಮನುಷ್ಯ, ಬರೀ ಮೂಳೆ. ಪಕ್ಕದಲ್ಲಿ ಒಂದು ಕರಿಯ ಗುಂಡುಕಲ್ಲು, ಅದಕ್ಕೊಂದು ನಂಬರು.

“ಇದು ಅವನ ಕೈಯಲ್ಲಿ ಸಿಕ್ಕಿದ್ದಂತೆ ಅಮ್ಮ,” ಎಂದಳು ಹರ್ಷಿತಾ.

“ಯಾತಕ್ಕ ಹಿಡಕೊಂಡಿದ್ದನಂತ?”

ಮಗಳು ಬಗ್ಗಿ ಓದಿದಳು. “ಗೊತ್ತಿಲ್ಲ ಅಂತ ಬರೆದಿದ್ದಾರೆ.”

ನೀಲಾಂಬಿಕಾ ಕಲ್ಲನ್ನೇ ನೋಡುತ್ತ ನಿಂತಳು. ಅಳು ಬರಲಿಲ್ಲ; ಬಂದರೂ ಬರಲಿ ಎಂದು ಸ್ವಲ್ಪ ಹೊತ್ತು ಕಾದಳು ಕೂಡ.

“ಅಗದಾಗ ನಿಮ್ಮಪ್ಪನ ಕೈಯಾಗಿನ ಲಿಂಗ ಸಿಗತದ. ನಿನ್ನ ಕೈಗೆ ಕೊಟ್ರ ಏನ್ ಮಾಡತೀ?”

“ಏನು ಮಾಡಬೇಕು?” ಎಂದಳು ಹರ್ಷಿತಾ. ಕೊಂಕಿನ ಮಾತಲ್ಲ, ನಿಜಕ್ಕೂ ಗೊತ್ತಿರಲಿಲ್ಲ. ಶಾಲೆಯ ಈಜಿನ ಪಾಠಕ್ಕೆಂದು ಕೊರಳಿನ ಲಿಂಗ ತೆಗೆದವಳು ಮತ್ತೆ ಕಟ್ಟಿಕೊಂಡಿರಲಿಲ್ಲ. ತಾಯಿಯೂ ಕಟ್ಟಿಕೋ ಎಂದಿರಲಿಲ್ಲ.

ಎರಡು ಗಂಟೆಗೆ ಕಚೇರಿಯ ಹೆಂಗಸು ತೆರವಿನ ಕಾಗದ ಮುಂದಿಟ್ಟಳು. ನೀಲಾಂಬಿಕಾ ಅದನ್ನು ಹಿಂದಕ್ಕೆ ಸರಿಸಿ, ಗೋದಾಮಿನ ಡಚ್ಚಿನಲ್ಲಿ, “ಟೀನ್,” ಎಂದಳು. ಹೆಂಗಸಿಗೆ ತಿಳಿಯದಿದ್ದಾಗ ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದಳು. ಹತ್ತು. ಇನ್ನೂ ಹತ್ತು ವರ್ಷ.

ಹಿಂದಿರುಗುವಾಗ ರೈಲಿನಲ್ಲಿ ಮಗಳು ಕೇಳಿದಳು, “ಹತ್ತು ವರ್ಷ ಆದ್ಮೇಲೆ?”

“ಅಷ್ಟರಾಗ ನಿನಗ ಲಿಂಗಪೂಜಿ ಹೇಳಿಕೊಡತೇನಿ. ಸೋಮವಾರ ಲಗೂನ ಜಳಕಾ ಮಾಡು.”

ಹರ್ಷಿತಾ ಕಿಟಕಿಯ ಕಡೆ ತಿರುಗಿದಳು.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಮಾರನೆಯ ಬೆಳಿಗ್ಗೆ ಕಸದ ಗಾಡಿ ಬರುವ ದಿನ. ನೀಲಾಂಬಿಕಾ ಕೋಟು ಬಿಚ್ಚದೆಯೇ ಹಿತ್ತಲಿಗೆ ಹೋಗಿ, ಹಸಿಕಸದ ಹಸಿರು ತೊಟ್ಟಿಯನ್ನು ರಸ್ತೆಯಂಚಿಗೆ ತಳ್ಳಿಕೊಂಡು ಬಂದು, ಗಾಡಿಯವರಿಗೆ ಸಿಗಲೆಂದು ಹಿಡಿಕೆ ರಸ್ತೆಯ ಕಡೆಗೆ ಬರುವ ಹಾಗೆ ತಿರುಗಿಸಿ ನಿಲ್ಲಿಸಿದಳು.