ಹೂವಿನಮ್ಮನಿಗೆ ಓದಿದ ಮೂರು ಹಾಳೆ

ಅವರ ಬಲಗೈ ತೋರುಬೆರಳಿನ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಮಲ್ಲಿಗೆ ತೊಟ್ಟಿನ ಕರೆ, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹಲಸೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಗೇಟಿನ ಪಕ್ಕ ಒದ್ದೆ ಗೋಣಿಚೀಲ ಹಾಸಿಕೊಂಡು ಹೂ ಕಟ್ಟುತ್ತಿದ್ದರು. ಬೀದಿಗೆಲ್ಲ ಅವರು ಹೂವಿನಮ್ಮ. ಮೊಳ ಹಾಕುವಾಗ ನಾಲ್ಕು ಬೆರಳು ಹೆಚ್ಚಿಗೇ ಬಿಡುತ್ತಿದ್ದರು. ಚೌಕಾಸಿಗೆ ಇಳಿದವರಿಗೆ ಮಾತ್ರ ಅದೂ ಇಲ್ಲ, ಮುಖ ಎತ್ತಿ ನೋಡುವುದೂ ಇಲ್ಲ.

ಮಧ್ಯಾಹ್ನ ವ್ಯಾಪಾರವಿಲ್ಲದ ಹೊತ್ತಿನಲ್ಲಿ ನಾನು ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದೆ. ತಮಿಳು ಮನೆಮಾತಿನ ಅವರಿಗೆ ಕನ್ನಡ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ದಿನಾ ಏನು ಬರೀತೀಯ ಕಣ್ಣು ಎಂದು ಮುದ್ದಾಗಿ ಕೇಳಿ ಕೇಳಿ ನನ್ನ ತಲೆ ತಿಂದರು. ಕಾಟ ತಪ್ಪಲಿ ಎಂದು ಒಂದು ದಿನ ಮೂರು ಹಾಳೆ ಓದಿಬಿಟ್ಟೆ. ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಹೋದ ನನ್ನ ಮಗುವಿನ ಬಗ್ಗೆ ಬರೆದದ್ದು, ಗಂಡನಿಗೂ ತೋರಿಸಿರಲಿಲ್ಲ. ಓದಿ ಮುಗಿಸುವ ಹೊತ್ತಿಗೆ ಅವರ ಹೂ ಕಟ್ಟುವ ಕೈ ನಿಂತುಹೋಗಿತ್ತು.

ಹದಿನೈದು ದಿನದಲ್ಲಿ ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಬಾಗಿಲು ತಟ್ಟಿದರು. ಹೂವಿನಮ್ಮ ಕಳಿಸಿದರಂತೆ. ನೀರು ಕುಡಿದು, ಹುಟ್ಟಿದ ಎರಡೇ ದಿನಕ್ಕೆ ಹೋದ ತಮ್ಮ ಮಗುವಿನ ವಿಷಯ ಹೇಳಿ, ಅದನ್ನು ಬರೆದುಕೊಡಿ ಎಂದರು. ಮರುವಾರ ಮಹದೇವಪುರದಿಂದ ಇನ್ನೊಬ್ಬರು ಬಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಸಂಕಟವನ್ನು ಈಯಮ್ಮ ಹೂವಿನ ಜೊತೆ ಊರಿಗೆಲ್ಲ ಹಂಚುತ್ತಿದ್ದಾರೆ ಎಂದುಕೊಂಡು ಕೆಳಗಿಳಿದು ಜಗಳಕ್ಕೇ ನಿಂತೆ. ನಂಬಿ ಓದಿದ್ದಕ್ಕೆ ನನ್ನನ್ನು ಬೀದಿಗೆ ತಂದಿರಿ ಎಂದೆ.

"ನಿನ್ ವಿಷ್ಯ ನಾನ್ಯಾಕ್ ಹೇಳ್ಲಿ ಕಣ್ಣು? ನಂದು ಹೇಳ್ದೆ. ಅವ್ರೂ ಅವ್ರದ್ದು ಹೇಳಿದ್ರು, ಬರ್ಸ್ಕೊಳ್ಳಿ ಅಂತ ಕಳ್ಸ್ದೆ," ಎಂದರು. "ನಂಗೂ ಮೊದಲ್ನೇದು ಹೆಣ್ಣು. ಹುಟ್ತು, ಅಳ್ಲೇ ಇಲ್ಲ. ನಲವತ್ ವರ್ಷ ಯಾರ್ ಹತ್ರಾನೂ ಬಾಯ್ ಬಿಟ್ಟಿರ್ಲಿಲ್ಲ. ನೀನ್ ಓದಿದ್ಮೇಲೆ ಬಾಯ್ ಬಂತು."

ನಾಚಿಕೆಯಿಂದ ಕುಗ್ಗಿಹೋದೆ. ಅಲ್ಲೇ ಗೋಣಿಯ ತುದಿಯಲ್ಲಿ ಕೂತು ಅವರದ್ದನ್ನೂ ಬರೆದೆ. ಒಂದೂವರೆ ಹಾಳೆಯಾಯಿತು. ಮಗನಿಗೆ ಇದು ಗೊತ್ತಿಲ್ಲ, ನಾನು ಹೋದಮೇಲೆ ಅವನಿಗೆ ಕೊಡು ಎಂದರು. ಅದಾದ ಮೇಲೆಯೇ ನನ್ನ ಹಾಳೆಗಳನ್ನು ಗಂಡನೆದುರು ಇಡುವ ಧೈರ್ಯ ನನಗೆ ಬಂದದ್ದು. ಮುಂದೆ ಎಷ್ಟೋ ಹೆಂಗಸರು ಬಂದರು, ಎಷ್ಟೋ ಬರೆದೆ. ಈಗ ಯಾರಾದರೂ ನನ್ನನ್ನು ಲೇಖಕಿ ಎಂದರೆ ಹೂವಿನಮ್ಮನ ಋಣವೇ ಮೊದಲು ನೆನಪಾಗುತ್ತದೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆ, ಬಾಣಸವಾಡಿಯಲ್ಲಿ ಆಟೋ ಓಡಿಸುವ ಅವರ ಮಗನ ಕೈಗೆ ಆ ಒಂದೂವರೆ ಹಾಳೆಯನ್ನು ಕೊಟ್ಟೆ. ದುಃಖದಲ್ಲಿರುವವನಿಗೆ ಕೊಡಬಾರದಿತ್ತೇನೋ ಎಂದು ಆಮೇಲೆ ಒದ್ದಾಡಿದೆ. ಮೂರನೇ ದಿನ ಹಾಲು-ತುಪ್ಪಕ್ಕೆ ಹೋದಾಗ ಆತ ತಾಯಿಯ ಗುಂಡಿಯ ಮೇಲೆ ಹಾಲು ಬಿಟ್ಟು, ಪಕ್ಕದಲ್ಲೇ ಮಂಡಿಯೂರಿ ಕೈಯಿಂದ ಗೇಣುದ್ದದ ಮಣ್ಣಿನ ಗುಡ್ಡೆ ಮಾಡಿದ. ಹೆಸರಿಡದ ಕೂಸಿಗೆ ಹಾಲು ಬಿಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಅವನ ಚಿಕ್ಕಪ್ಪ ತಡೆದರು.

"ನಮ್ಮಕ್ಕ ಅವ್ಳು," ಎಂದು ಆತ ಉಳಿದ ಹಾಲನ್ನೆಲ್ಲ ಅದರ ಮೇಲೆ ಬಿಟ್ಟ.