ನನ್ನ ಹೆಬ್ಬೆರಳಿನ ಜಂಬ

ಮೊಮ್ಮಗನಿಗೆ ಎಣ್ಣೆ ಹಚ್ಚಿ ನೀರು ಹಾಕಲೆಂದು ಇವತ್ತು ಬೆಳಿಗ್ಗೆ ಹೊಸ ರಬ್ಬರ್ ಶೀಟು ಬಿಚ್ಚಿದೆ ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಯಳಂದೂರಿನ ನಮ್ಮ ಬಚ್ಚಲಲ್ಲಿ ಇರಲೇ ಇಲ್ಲ. ಕೊಳ್ಳೇಗಾಲದ ಒಂದು ತರಬೇತಿ ಕೊಠಡಿಯಲ್ಲಿ, ಮೇಜಿನ ಮೇಲೆ ಮಲಗಿದ್ದ ರಬ್ಬರ್ ಕೂಸಿನ ಮುಂದೆ ನಿಂತಿದ್ದೆ.

ಆಗ ನಾನು ಹನೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಜೊತೆಗೆ ಮಧುವನಹಳ್ಳಿಯ ರಾಜಮ್ಮ, ಅವಳೂ ನರ್ಸು. ಉಸಿರು, ಎದೆಬಡಿತ ನಿಂತ ಕೂಸಿನ ಎದೆ ಒತ್ತಿ ಬದುಕಿಸುವುದನ್ನು ಕಲಿಯಲು ನಮ್ಮಿಬ್ಬರನ್ನೂ ಕಳಿಸಿದ್ದರು. ಎರಡು ಬೆರಳ ತುದಿಯಿಂದ ಒತ್ತುವುದು ಒಂದು ಬಗೆ. ಎರಡೂ ಕೈಯಿಂದ ಪಕ್ಕೆ ಬಳಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತುವುದು ಇನ್ನೊಂದು. ಎದೆ ಸಾಕಷ್ಟು ಒಳಗೆ ಹೋದರೆ ಗೊಂಬೆಯ ಪಕ್ಕದ ಹಸಿರು ದೀಪ ಹತ್ತುತ್ತದೆ. ಮೊದಲ ಸುತ್ತಿನಲ್ಲಿ ಯಾರಿಗೂ ಹತ್ತಲಿಲ್ಲ. ಕೂಸಲ್ಲವೇ, ಒತ್ತುವ ಬದಲು ಎಲ್ಲರೂ ತಟ್ಟಿ ಮಲಗಿಸುತ್ತಿದ್ದೆವು! ಕಲಿಸಲು ಬಂದ ಡಾಕ್ಟರು ತಲೆ ಮೇಲೆ ಕೈ ಹೊತ್ತರು.

ಎರಡು ಬೆರಳಿನಲ್ಲಿ ಬೇಗನೆ ಗೆಣ್ಣು ನೋಯತೊಡಗಿತು. ಹೆಬ್ಬೆರಳಿನದೇ ವಾಸಿ, ಆಳಕ್ಕೂ ಹೋಗುತ್ತದೆ, ಆಯಾಸವೂ ಕಡಿಮೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತ ಅರ್ಥ ಮಾಡಿಕೊಂಡವಳು ನಾನೊಬ್ಬಳೇ. "ಎರಡೆರಡು ನಿಮಿಷಕ್ಕೆ ಆಳು ಬದಲಾಯಿಸಿ" ಅಂದರು ಡಾಕ್ಟರು. ಬದಲಾಯಿಸುವುದೇ? ನಾನು ಕೆಲಸ ಕಲಿತದ್ದು ನಮ್ಮವ್ವನ ಬೀಸುವ ಕಲ್ಲಿನ ಮುಂದೆ. ಅಲ್ಲಿ ಕೈ ಸೋತಿತು ಅಂತ ಬಾಯಿಬಿಟ್ಟರೆ ಮರ್ಯಾದೆ ಹೋಗುತ್ತದೆ. ಸೋತಷ್ಟೂ ಬೀಸುವ ಪದವನ್ನು ಜೋರಾಗಿ ಹಾಡಬೇಕು. ಇಲ್ಲೂ ಹಾಗೇ ಮಾಡಿದೆ. ಒಂದೊಂದು ಒತ್ತಿಗೂ ಎಣಿಸುವ ನನ್ನ ದನಿ ಬೀದಿಗೆ ಕೇಳುವಷ್ಟು ಜೋರಾಯಿತು.

"ಅರಚ್ಬೇಡ ಕಣೆ, ದೀಪ ನೋಡು! ಆಗ್ಲೇ ಆರೋಯ್ತು" ಅಂದಳು ರಾಜಮ್ಮ.

"ನಂಗೇನೂ ಸುಸ್ತಾಗಿಲ್ಲ. ದೀಪ್ವೇ ಕೆಟ್ಟೋಗದೆ" ಅಂದೆ.

ಪಾಪ, ದೀಪ ಚೆನ್ನಾಗಿಯೇ ಇತ್ತು. ಕೈ ಸೋತದ್ದು ಕೈಗೇ ಗೊತ್ತಾಗುವುದಿಲ್ಲ, ಅದೇ ತಮಾಷೆ.

ಆ ತಮಾಷೆ ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಶಾಗ್ಯದ ಬಾಣಂತಿಯೊಬ್ಬಳು ಕೂಸನ್ನು ಎತ್ತಿಕೊಂಡು ನಮ್ಮ ಆಸ್ಪತ್ರೆಗೆ ಓಡಿಬಂದಳು. ಹಾಲು ನೆತ್ತಿಗೇರಿ ಮೈ ನೀಲಿಯಾಗಿತ್ತು, ನಾಡಿ ಸಿಗಲಿಲ್ಲ. "ನನ್ ಮಗೀನ ಉಳಿಸ್ಕೊಡಿ ಸಾ" ಅಂತ ಡಾಕ್ಟರ ಕಾಲಿಗೆ ಬಿದ್ದಳು. ನಮ್ಮ ಡಾಕ್ಟರು ಕೂಸಿನ ಬಾಯಿ ಚೊಕ್ಕ ಮಾಡಿ, ಗಾಳಿ ತುಂಬುವ ಬ್ಯಾಗು ಒತ್ತಿ ಉಸಿರು ಕೊಡತೊಡಗಿದರು. ನಾನು ಪಕ್ಕೆ ಬಳಸಿ ಹೆಬ್ಬೆರಳು ಊರಿದೆ. ಇಲ್ಲಿ ಯಾವ ದೀಪವೂ ಇರಲಿಲ್ಲ. ಒತ್ತಿದೆ, ಎಣಿಸಿದೆ, ಒತ್ತಿದೆ. ಈ ಕೂಸು ನನ್ನ ಕೈಯಲ್ಲಿ ಸಾಯಬಾರದು ಎಂಬುದೊಂದೇ ತಲೆಯಲ್ಲಿ.

"ನಿನ್ ದನಿ ಏರ್ತಾ ಅದೆ. ಕೈ ಬುಡು, ನಂಗ್ ಕೊಡು" ಅಂತ ರಾಜಮ್ಮ ಕಿವಿಯ ಹತ್ತಿರವೇ ಹೇಳಿದಳು.

ಬಿಡಲು ಮನಸ್ಸು ಬರಲಿಲ್ಲ. ಬಿಟ್ಟರೆ ಕೂಸನ್ನೇ ಕೈಬಿಟ್ಟಂತೆ ಅನ್ನಿಸಿತು. ಆದರೂ ಬಿಟ್ಟೆ. ನನ್ನ ಹೆಬ್ಬೆರಳು ಎದ್ದ ಜಾಗಕ್ಕೇ ಅವಳ ಹೆಬ್ಬೆರಳು ಬಂತು. ಸ್ವಲ್ಪ ಹೊತ್ತಿಗೆ ಕೂಸು ಕೆಮ್ಮಿತು, ಆಮೇಲೆ ಸೂರು ಹಾರುವಂತೆ ಅತ್ತಿತು. ತಾಯಿ ರಾಜಮ್ಮನ ಕೈ ಹಿಡಿದುಕೊಂಡಳು, ನನ್ನದನ್ನಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅಂಥ ಸಂತೋಷದಲ್ಲೂ ನನಗೆ ಚೂರು ಹೊಟ್ಟೆಕಿಚ್ಚಾಯಿತು. ತಾಯಿಯನ್ನೂ ಕೂಸನ್ನೂ ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದ ಮೇಲೆ ಔಷಧಿ ಕೋಣೆಯಲ್ಲಿ ನಾವಿಬ್ಬರೂ ತಬ್ಬಿಕೊಂಡು ಅತ್ತೆವು.

"ಅವ್ವ, ನೀರು ಆರ್ತಾ ಅದೆ."

ಮಗಳು ತಂಬಿಗೆ ಹಿಡಿದು ನಿಂತಿದ್ದಳು. ಹೆರಿಗೆಯಾದಾಗಿನಿಂದ ಬಚ್ಚಲಲ್ಲಿ ಅವಳಿಗೆ ಅಷ್ಟೇ ಕೆಲಸ. ಮಂಡಿ ಹಿಡಿದುಕೊಂಡರೂ, ಸೊಂಟ ಕೂಗಿಕೊಂಡರೂ ನೀರು ಹಾಕುವವಳು ನಾನೇ. ಅವಳು ಕೇಳಿದಾಗಲೆಲ್ಲ "ನಿಂಗ್ ಬರಲ್ಲ ಬುಡು" ಅಂದುಬಿಡುತ್ತಿದ್ದೆ.

ಇವತ್ತು ಎದ್ದು ಜಾಗ ಬಿಟ್ಟೆ. ಅವಳು ನಂಬಲಾರದೆ ಕಾಲು ಚಾಚಿ ಕೂತಳು. ಕೂಸನ್ನು ಅವಳ ಕಾಲ ಮೇಲೆ ಮಲಗಿಸಿದೆ. ಹಾಕಿದ ನೀರು ಕೂಸಿಗಿಂತ ಹೆಚ್ಚಾಗಿ ಅವಳ ನೈಟಿಗೇ ಬೀಳುತ್ತಿತ್ತು.

"ಸರ್ಯಾಗ್ ಆಕ್ತಿದ್ದೀನಾ ಅವ್ವ?"

ನನ್ನ ಎರಡೂ ಕೈ ಮುಂದಕ್ಕೆ ಹೋಗಿದ್ದವು. ಹಿಂದಕ್ಕೆ ಎಳೆದುಕೊಂಡೆ. "ಸರ್ಯಾಗದೆ ಕಣವ್ವ" ಅಂದು, ಇನ್ನೊಂದು ತಂಬಿಗೆ ತುಂಬಿ ಅವಳಿಗೆ ಕೊಟ್ಟೆ.