ಹಗ್ಗಕ್ಕೆ ನೀರು

ಜಮಖಂಡಿಯ ಕಣ್ಣಿನ ದವಾಖಾನೆಯ ಗೋಡೆಗೆ ರೋಮ್ ನಗರದ ಆ ದೊಡ್ಡ ಚೌಕದ ಕ್ಯಾಲೆಂಡರ್ ತೂಗುಹಾಕಿದ್ದರು. ನಡುವೆ ಒಂಟಿ ಕಲ್ಲುಗಂಬ, ಎರಡೂ ಕಡೆ ಬಾಗಿ ನಿಂತ ಕಂಬಗಳ ಸಾಲು. ನನ್ನ ಕಣ್ಣಿಗೆ ಸಾಲುಗಳೆಲ್ಲ ಕಲಸಿಹೋಗಿದ್ದವು. ತವರೂರು ಬನಹಟ್ಟಿಯ ಕಾಕಾ ನೆನಪಾದರು...

ನಮ್ಮ ಓಣಿಯಲ್ಲಿ ಹಾಸು ಕೆಚ್ಚುವವರು ಅವರು. ಮಗ್ಗದಲ್ಲಿ ಮುಗಿಯುತ್ತ ಬಂದ ಉದ್ದೆಳೆಗಳಿಗೆ ಹೊಸ ಎಳೆಗಳನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದಾಗಿ ಹೊಸೆದು ಕೂಡಿಸುವ ಕೆಲಸ. ಮದುವೆಗೆ ಮುಂಚೆ ನಾನು ಅವರೆದುರು ಕೂತು ಎಳೆ ಆರಿಸಿ ಕೊಡುತ್ತಿದ್ದೆ. ಅವರ ಗೋಡೆಯ ಮೇಲೂ ಇದೇ ಚೌಕ, ಹಳೇ ಪುಸ್ತಕದಿಂದ ಹರಿದ ಹಾಳೆ. ಕಂಬಗಳದ್ದು ನಾಲ್ಕು ಸಾಲು. ನೆಲದ ಒಂದು ದುಂಡು ಕಲ್ಲಿನ ಮೇಲೆ ನಿಂತರೆ ಮಾತ್ರ ಒಂದರ ಹಿಂದೊಂದು ಅಡಗಿ ಒಂದೇ ಸಾಲಾಗಿ ಕಾಣುತ್ತವೆ ಎನ್ನುತ್ತಿದ್ದರು. ಈಜಿಪ್ಟಿನಿಂದ ತಂದಿದ್ದ ನಡುಗಂಬವನ್ನು ಹಗ್ಗ ಕಟ್ಟಿ ಎತ್ತುವಾಗ, ಯಾರಾದರೂ ಉಸಿರೆತ್ತಿದರೆ ತಲೆ ತೆಗೆಯುತ್ತೇವೆಂದು ಡಂಗುರ ಸಾರಿದ್ದರಂತೆ. ಒಣಗಿದ ಹಗ್ಗ ಇನ್ನೇನು ಹರಿಯಬೇಕು, ಒಬ್ಬ ನಾವಿಕ ಕೂಗಿಯೇಬಿಟ್ಟನಂತೆ... "ಹಗ್ಗಕ್ಕ ನೀರ ಹಾಕ್ರೀ!" ನೀರು ಹಾಕಿದರು, ಕಂಬ ನಿಂತಿತು, ಅವನ ತಲೆಯೂ ಉಳಿಯಿತಂತೆ. ಒಣ ನೂಲು ಹರಿಯುತ್ತದೆಂದು ನೇಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಕಾ ಪ್ರತಿ ಸಲ ತೊಡೆ ತಟ್ಟಿ ನಗುತ್ತಿದ್ದರು.

ಒಂದು ಮಧ್ಯಾಹ್ನ ನಗಲಿಲ್ಲ. ಚಿತ್ರದತ್ತ ಮುಖ ಮಾಡಿ, "ಯವ್ವಾ, ನನಗೀಗ ಎಲ್ಲಿ ಕುಂತ್ರೂ ಒಂದ ಸಾಲ ಕಾಣಾಕತ್ತೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ, ನನ್ನ ಆಣಿ ಐತಿ" ಎಂದರು.

ಕೆಚ್ಚುವವರ ಕಣ್ಣು ಮಂಜಾಯಿತೆಂದು ಓಣಿಗೆ ಗೊತ್ತಾದರೆ ಮತ್ತೆ ಯಾರೂ ಹಾಸು ಮುಟ್ಟಗೊಡುವುದಿಲ್ಲ. ನಾನು ಆಣೆಗೆ ಹೆದರಿದೆ. ಅವರು ತಪ್ಪಿ ಕೂಡಿಸಿದ ಎಳೆಗಳನ್ನು ಬಿಡಿಸಿ ಗುಟ್ಟಾಗಿ ನಾನೇ ಹೊಸೆದೆ. ವರ್ಷ ಕಳೆದು, ಅವರು ತಮ್ಮದೇ ಹೊಸ್ತಿಲು ಎಡವಿ ಬಿದ್ದ ದಿನ ಎಲ್ಲರಿಗೂ ತಿಳಿಯಿತು. "ಮೊದಲೇ ಬಂದಿದ್ರ ಉಳೀತಿತ್ರಿ" ಎಂದರು ಡಾಕ್ಟರು. ಕಾಕಾ ನನ್ನನ್ನು ಬಯ್ಯಲಿಲ್ಲ. ಅದೇ ಈಗಲೂ ನನ್ನನ್ನು ತಿನ್ನುತ್ತದೆ. ಹಾಗೇ ಕತ್ತಲಲ್ಲಿ ಬದುಕಿ ಹೋದರು...

ನನ್ನ ಹೆಸರು ಕೂಗಿದರು. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರು ಕೇಳಿದರು. ಮದುವೆಯಾದ ಮೇಲೂ ಕೆಚ್ಚಿಯೇ ಹೊಟ್ಟೆ ಹೊರೆದವಳು ನಾನು. ಬಾಯಿ ಬಿಡಬೇಡವೆಂದು ಮಗಳಿಗೆ ನನ್ನ ಆಣೆ ಹಾಕಿಯೇ ಜೊತೆಗೆ ಕರೆತಂದಿದ್ದೆ.

"ನಿನ್ನಿ ಮೊನ್ನಿಯಿಂದ್ರೀ" ಎಂದೆ.

"ಸುಳ್ರೀ! ಆರ ತಿಂಗಳಾತು!" ಮಗಳು ಕೂಗಿಬಿಟ್ಟಳು. "ಆಣಿ ಮುರದ್ರ ಮುರೀಲಿ ಬೇ ಅವ್ವಾ!"

ಹೊರಗೆ ಕೂತವರೆಲ್ಲ ತಿರುಗಿ ನೋಡಿದರು. ನಾನು ಅವಳ ಕೈ ಹಿಡಿದುಕೊಂಡೆ. ಕಾಕಾಗೆ ಹೀಗೆ ಕೂಗುವವರು ಯಾರೂ ಇರಲಿಲ್ಲ. ಇದ್ದವಳು ನಾನೊಬ್ಬಳೇ.